ಎರಡು ಸಾವಿರ ಬಾಯಿ, ಇನ್ನೂರು ಬಾವಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬೇಸಿಗೆಯ ಬಾವಿ ನೀರಿನ ಬಗ್ಗೆ ಕಾಲೇಜು ಮಕ್ಕಳು ಮಾಡಿದ ಸರ್ವೆಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಅವರು ಹೋದದ್ದು ಬರೇ 200 ಮನೆಗೆ. ನಾನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಗೂಗಲ್ ಫಾರ್ಮ್ ಹಾಕಿ 2,000 ಉತ್ತರ ತರಿಸಿ ಕಳುಹಿಸಿದ್ದೆ, ಅದಕ್ಕೆ ನಿಮ್ಮಲ್ಲಿ ಜಾಗವಿಲ್ಲ. ಇನ್ನೂರು ದೊಡ್ಡದೋ, ಎರಡು ಸಾವಿರ ದೊಡ್ಡದೋ? ಇಂಗುಗುಂಡಿ ಮಾಡಿಸಿದವರ ಬಾವಿ ಬತ್ತುವುದಿಲ್ಲ ಎಂಬುದೂ ನನ್ನ ಲೆಕ್ಕದಲ್ಲಿ ಸ್ಪಷ್ಟವಾಗಿದೆ.
– ಓದುಗರೊಬ್ಬರು, ಉಡುಪಿ

ಸಂಪಾದಕರ ಉತ್ತರ: ಎರಡು ಸಾವಿರವೇ ದೊಡ್ಡದು, ಅದರಲ್ಲಿ ತಕರಾರಿಲ್ಲ. ಅಷ್ಟು ಮಂದಿಯಿಂದ ಉತ್ತರ ತರಿಸುವುದು ಸಣ್ಣ ಕೆಲಸವಲ್ಲ. ಯಾವ ಊರಲ್ಲಿ ಕೂಗು ಹೆಚ್ಚು ಎಂದು ತಿಳಿಯಲು ನಿಮ್ಮ ಪಟ್ಟಿ ಒಳ್ಳೆಯ ದಿಕ್ಸೂಚಿ. ಆದರೆ ಅಲ್ಲ ಮಾರಾಯ್ರೇ, ಆ ಫಾರ್ಮ್ ತುಂಬಿದವರು ಯಾರು? ಬಾವಿ ತುಂಬ ನೀರಿರುವವನು ಫೋನು ಕೆಳಗಿಟ್ಟು ಮಲಗುತ್ತಾನೆ. ಟ್ಯಾಂಕರ್‌ಗೆ ದುಡ್ಡು ಕೊಟ್ಟು ಸೋತವನು ತಾನೂ ತುಂಬಿ ಇನ್ನು ಹತ್ತು ಮಂದಿಗೆ ದಾಟಿಸುತ್ತಾನೆ. ಸ್ಮಾರ್ಟ್‌ಫೋನ್ ಇಲ್ಲದ ಒಂಟಿ ಮುದುಕಿಯ ಬಾವಿ ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ನೀವು ಎರಡು ಸಾವಿರ ಬಾಯಿಗಳನ್ನು ಎಣಿಸಿದಿರಿ, ಮಕ್ಕಳು ಇನ್ನೂರು ಬಾವಿಗಳನ್ನು ಎಣಿಸಿದರು.

ಈ ತಪ್ಪು ನಿಮ್ಮೊಬ್ಬರದಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಕಾರ್ಡು ಅಂಚೆಗೆ ಹಾಕಿತು. ತಿರುಗಿ ಬಂದದ್ದು ಸುಮಾರು 24 ಲಕ್ಷ. ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಸೋಲುತ್ತಾರೆ, ಅವರಿಗೆ ಸಿಗುವುದು ಶೇ. 43 ಎಂದು ಪತ್ರಿಕೆ ಬರೆಯಿತು. ಅವರು ಗೆದ್ದರು, ಅದೂ ಸುಮಾರು ಶೇ. 61 ಮತ ಪಡೆದು. ಹೆಸರುಗಳನ್ನು ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಷ್ಟಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರೆಂದು, ಅವರಲ್ಲಿ ರೂಸ್‌ವೆಲ್ಟ್ ಬೇಡವೆನ್ನುವವರು ಹೆಚ್ಚೆಂದು ಹೇಳಬೇಕಾಗಿಲ್ಲ. ಮೇಲಾಗಿ, ಕಾರ್ಡು ಹೋದ ನಾಲ್ವರಲ್ಲಿ ಮೂವರು ಉತ್ತರಿಸಲೇ ಇಲ್ಲ. ಅದೇ ಚುನಾವಣೆಯಲ್ಲಿ ಸಮೀಕ್ಷಕ ಜಾರ್ಜ್ ಗ್ಯಾಲಪ್ ಐವತ್ತು ಸಾವಿರದಷ್ಟು ಮಂದಿಯನ್ನು ಕೇಳಿ ಗೆಲ್ಲುವವರನ್ನು ಸರಿಯಾಗಿ ಹೇಳಿದರು. ಡೈಜೆಸ್ಟ್ 1938ರಲ್ಲಿ ಮುಚ್ಚಿತು. ಇಪ್ಪತ್ನಾಲ್ಕು ಲಕ್ಷವಿದ್ದೂ ಉಳಿಯಲಿಲ್ಲ ಎಂಬಲ್ಲಿ ನಿಮ್ಮ ಎರಡು ಸಾವಿರವನ್ನು ಇಟ್ಟು ನೋಡಿ.

‘ಅನ್ನ ಬೆಂದಿತೋ ನೋಡಲು ಒಂದು ಅಗುಳು ಸಾಕು’ ಎನ್ನುತ್ತಾರೆ. ಕುಚ್ಚಲಕ್ಕಿ ಬೇಯಿಸುವವರು ಸೌಟು ಹಾಕಿ ತಳದಿಂದ ಒಮ್ಮೆ ತಿರುವಿದ ಮೇಲೆಯೇ ಆ ಅಗುಳು ತೆಗೆಯುವುದು. ಗಾದೆಯಲ್ಲಿ ಬಿಟ್ಟುಹೋದದ್ದು ಆ ತಿರುವುವ ಕೆಲಸ. ಸರ್ವೆಯಲ್ಲಿ ಅದನ್ನು ಮಾಡುವುದು ಚೀಟಿ, ಅಂದರೆ ಯಾರ ಇಷ್ಟಕ್ಕೂ ಬಿಡದೆ ಅದೃಷ್ಟದ ಮೇಲೆ ಆರಿಸುವುದು. ಸರಿಯಾಗಿ ತಿರುವಿದ ಮೇಲೆ ಪಾತ್ರೆ ಎಷ್ಟು ದೊಡ್ಡದೆಂಬುದು ಮುಖ್ಯವಲ್ಲ. ಚೀಟಿ ಎತ್ತಿ ಆರಿಸಿದ 200 ಮನೆಗಳ ಲೆಕ್ಕ ಸಾಮಾನ್ಯವಾಗಿ ನಿಜಕ್ಕಿಂತ ಸುಮಾರು ಶೇ. 7ರವರೆಗೆ ಮೇಲೆ ಅಥವಾ ಕೆಳಗೆ ಹೋಗಬಹುದು, ಅದು ಒಂದು ವಾರ್ಡಿಗಾದರೂ ಇಡೀ ಜಿಲ್ಲೆಗಾದರೂ ಅಷ್ಟೇ. 1ನ್ನು 200ರ ವರ್ಗಮೂಲದಿಂದ ಭಾಗಿಸಿ, ನಿಮಗೇ ಸಿಗುತ್ತದೆ. ಇದನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಮನೆ ಬೇಕು. ಫಾರ್ಮ್‌ನ ಎರಡು ಸಾವಿರಕ್ಕೆ ಈ ಸೂತ್ರ ಹಾಕಿದರೆ ಶೇ. 2 ಚಿಲ್ಲರೆ ಬರುತ್ತದೆ, ಆದರೆ ಅದಕ್ಕೆ ಅರ್ಥವಿಲ್ಲ. ಸೂತ್ರ ಅಳೆಯುವುದು ಚೀಟಿಯ ಅದೃಷ್ಟವನ್ನು, ಪಟ್ಟಿಯ ಓರೆಯನ್ನಲ್ಲ.

ಹಾಗಾದರೆ ಮಾಡುವುದು ಹೇಗೆ? ಮೊದಲು ಪಟ್ಟಿ. ಪಂಚಾಯತಿನ ಮನೆ ತೆರಿಗೆ ಪಟ್ಟಿ ಸಿಕ್ಕಿದರೆ ಅದೇ ಒಳ್ಳೆಯದು. ಮತದಾರರ ಪಟ್ಟಿ ಸುಲಭವಾಗಿ ಸಿಗುತ್ತದೆ, ಆದರೆ ಅದು ಜನರ ಪಟ್ಟಿ, ಮನೆಗಳದ್ದಲ್ಲ. ಹೆಸರಿನ ಮೇಲೆ ಚೀಟಿ ಎತ್ತಿದರೆ ಆರು ಮತದಾರರ ಮನೆ ಬರುವ ಸಾಧ್ಯತೆ ಒಬ್ಬರೇ ಇರುವ ಮನೆಯ ಆರು ಪಟ್ಟು. ಆದ್ದರಿಂದ ಮನೆ ನಂಬರು ಹಿಡಿದು ಹೊಸ ಪಟ್ಟಿ ಬರೆದುಕೊಳ್ಳಬೇಕು. ಆಮೇಲೆ ನೆಲವನ್ನು ಭಾಗ ಮಾಡಬೇಕು. ನಮ್ಮಲ್ಲಿ ಕಡಲ ಬದಿಯ ಮರಳಿನ ಬಾವಿಗೆ ಉಪ್ಪಿನ ಚಿಂತೆ, ಪದವಿನ (ಎತ್ತರದ ಬೋಳು ನೆಲದ) ಮುರಕಲ್ಲು ಕೊರೆದ ಬಾವಿಗೆ ಆಳದ ಚಿಂತೆ, ಬೈಲಿನ (ತಗ್ಗಿನ ಗದ್ದೆಯ) ಬಾವಿಗೆ ಅಷ್ಟೇನೂ ಚಿಂತೆಯಿಲ್ಲ. ಒಟ್ಟು 2,400 ಮನೆ, ಅದರಲ್ಲಿ ಕಡಲ ಬದಿ 600, ಪದವು 600, ಬೈಲು 1,200 ಎಂದಿಟ್ಟುಕೊಳ್ಳಿ. ಇನ್ನೂರನ್ನು 50, 50, 100 ಎಂದು ಹಂಚಿದರೆ ಯಾವುದೂ ಚೀಟಿಯ ಹೊಡೆತಕ್ಕೆ ತಪ್ಪಿಹೋಗುವುದಿಲ್ಲ.

ಪ್ರತಿ ಭಾಗದಲ್ಲೂ ಹನ್ನೆರಡಕ್ಕೊಂದು ಮನೆ. 1ರಿಂದ 12ರವರೆಗೆ ಚೀಟಿ ಹಾಕಿ ಒಂದನ್ನು ಎತ್ತಿ. 7 ಬಂದರೆ 7, 19, 31 ಹೀಗೆ ಮುಂದುವರಿಯಿರಿ. ಫ್ಲ್ಯಾಟುಗಳಿರುವಲ್ಲಿ ಮಾತ್ರ ಎಚ್ಚರ. ಮಹಡಿಗೆ ನಾಲ್ಕು ಮನೆಯಿದ್ದು ನಂಬರು ಸಾಲಾಗಿದ್ದರೆ ಹನ್ನೆರಡರ ಹೆಜ್ಜೆ ಪ್ರತಿ ಸಲ ಅದೇ ಮೂಲೆಯ ಮನೆಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಹೆಜ್ಜೆ ಬಿಟ್ಟು ಪೂರ್ತಿ ಚೀಟಿಯೇ ಹಾಕಬೇಕು.

ನಮ್ಮ ಊರುಗಳಲ್ಲಿ ಕೆಲಸ ಕೆಡುವುದು ಬೀಗ ಹಾಕಿದ ಮನೆಯಲ್ಲಿ. ಒಡೆಯರು ಮುಂಬೈಯಲ್ಲೋ ದುಬೈಯಲ್ಲೋ, ಮಕ್ಕಳು ಬಿಸಿಲಲ್ಲಿ ಬಂದು ನಿಂತಿದ್ದಾರೆ, ಪಕ್ಕದ ಮನೆಯವರು ಕರೆದು ಮಜ್ಜಿಗೆ ಕೊಡುತ್ತಾರೆ. ಆ ಮಜ್ಜಿಗೆ ಮನೆಯನ್ನೇ ಬೀಗದ ಮನೆಯ ಬದಲಿಗೆ ಬರೆದುಕೊಂಡರೆ ಸರ್ವೆ ಅಲ್ಲಿಗೆ ಹಾಳು. ಯಾವಾಗಲೂ ಜನರಿರುವ ಮನೆ, ಯಾವಾಗಲೂ ನೀರು ಸೇದುವ ಬಾವಿ ಮಾತ್ರ ಉಳಿಯುತ್ತವೆ. ಮೂರು ಸಲ ಹೋಗಬೇಕು, ಒಂದು ಸಲ ಸಂಜೆ, ಒಂದು ಸಲ ಭಾನುವಾರ. ಆಮೇಲೂ ಬೀಗವಿದ್ದರೆ ‘ಬೀಗ’ ಎಂದೇ ಬರೆಯಬೇಕು. ಪ್ರಶ್ನೆ ‘ನಿಮ್ಮ ಬಾವಿ ಬತ್ತುತ್ತದೆಯೇ?’ ಎಂದಿರಬಾರದು. ಕೆಸರು ಕಂಡರೆ ಬತ್ತಿತು ಎನ್ನುವವರಿದ್ದಾರೆ, ಕೊಡ ಮುಳುಗುವಷ್ಟು ನೀರಿರುವವರೆಗೆ ಬತ್ತಿಲ್ಲ ಎನ್ನುವವರೂ ಇದ್ದಾರೆ. ‘ಹೋದ ಮೇ ತಿಂಗಳಲ್ಲಿ ನೀರಿಲ್ಲದೆ ಪಂಪು ಎಷ್ಟು ದಿನ ನಿಲ್ಲಿಸಿದಿರಿ?’ ಎಂದು ಕೇಳಿದರೆ ಉತ್ತರ ಒಂದೇ ಅಳತೆಯಲ್ಲಿ ಬರುತ್ತದೆ.

ಇದೆಲ್ಲ ಪುಸ್ತಕದ ಮಾತೆಂದು ನಗಬೇಡಿ. ಮಲ್ಪೆ ಬಂದರಿಗೇ ಹೋಗಿ ನೋಡಿ. ದೇಶದ ಕಡಲ ಮೀನಿನ ಇಳುವರಿಯನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅಂದಾಜು ಮಾಡುವುದು ಇಂಥದೇ ಚೀಟಿಯ ಲೆಕ್ಕದಲ್ಲಿ. ತಿಂಗಳನ್ನು ಹತ್ತು ಹತ್ತು ದಿನಗಳಾಗಿ ಒಡೆದು, ದಿನಗಳನ್ನು ಚೀಟಿಯಿಂದ ಆರಿಸಿ, ಮೊದಲ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ, ಮರುದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ದಕ್ಕೆಯಲ್ಲಿ ನಿಂತು ಬರೆಯುತ್ತಾರೆ. ದೋಣಿ ಹದಿನೈದರೊಳಗಿದ್ದರೆ ಎಲ್ಲವನ್ನೂ ನೋಡುತ್ತಾರೆ. ಹೆಚ್ಚಿದ್ದರೆ ಎರಡಕ್ಕೊಂದು, ಮೂರಕ್ಕೊಂದು. ಭರ್ತಿ ಬಂಗುಡೆ ತಂದ ದೋಣಿಯ ಸುತ್ತ ಜನ ಸೇರುತ್ತಾರೆಂದು ಅದರ ಕಡೆಗೇ ಓಡುವಂತಿಲ್ಲ. ಖಾಲಿ ಬಂದ ದೋಣಿಗೆ ಚೀಟಿ ಬಿದ್ದರೆ ಅದನ್ನೂ ಬರೆಯಬೇಕು.

ಇನ್ನು ಇಂಗುಗುಂಡಿ. ಗುಂಡಿಯ ಮೇಲೆ ನಮಗೂ ನಂಬಿಕೆಯಿದೆ, ಹೋಲಿಕೆಯ ಮೇಲೆ ಇಲ್ಲ. ಗುಂಡಿ ತೋಡಿಸುವವರಿಗೆ ಸ್ವಂತ ಜಾಗವಿರುತ್ತದೆ, ಕೈಯಲ್ಲಿ ಕಾಸಿರುತ್ತದೆ. ಅವರ ಬಾವಿಯೂ ಮೊದಲೇ ನಾಲ್ಕು ಅಡಿ ಹೆಚ್ಚು ಆಳವಿರಬಹುದು. ಒಪ್ಪಿ ಮಾಡಿದವರು ಮತ್ತು ಮಾಡದವರು ಮೊದಲಿನಿಂದಲೇ ಬೇರೆ. 1954ರಲ್ಲಿ ಅಮೆರಿಕದಲ್ಲಿ ಸಾಲ್ಕ್ ಪೋಲಿಯೊ ಲಸಿಕೆಯ ಪರೀಕ್ಷೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಒಪ್ಪಿದವರ ಮಕ್ಕಳನ್ನು ಚೀಟಿಯಿಂದ ಎರಡು ಗುಂಪು ಮಾಡಿದಲ್ಲಿ, ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ 28 ಮಂದಿಗೆ, ಲಸಿಕೆಯಿಲ್ಲದ ಬರೇ ಹುಸಿ ಚುಚ್ಚುಮದ್ದು ಪಡೆದವರಲ್ಲಿ 71 ಮಂದಿಗೆ ಪೋಲಿಯೊ ಬಂತು. ಒಪ್ಪದವರ ಮಕ್ಕಳಲ್ಲಿ 46. ಲಸಿಕೆ ಪಡೆಯದ ಎರಡು ಗುಂಪುಗಳ ನಡುವೆಯೇ ಇಷ್ಟು ಅಂತರ! ಒಪ್ಪದವರಲ್ಲಿ ಬಡವರು ಹೆಚ್ಚು, ಅವರ ಮಕ್ಕಳಿಗೆ ಎಳವೆಯಲ್ಲೇ ಸಣ್ಣಗೆ ಸೋಂಕು ತಗಲಿ ತಡೆಶಕ್ತಿ ಬಂದಿರುತ್ತಿತ್ತು. 28ನ್ನು 46ರ ಪಕ್ಕ ಇಟ್ಟಿದ್ದರೆ ಲಸಿಕೆಯ ಬಲ ಅಷ್ಟರಮಟ್ಟಿಗೆ ಕಡಿಮೆಯಾಗಿ ಕಾಣುತ್ತಿತ್ತು.

ನಿಮ್ಮ ಗುಂಡಿಗೂ ಇದೇ ಪರೀಕ್ಷೆ ಬೇಕು. ಪದವಿನಲ್ಲೇ ಸರಿಸುಮಾರು ಒಂದೇ ಆಳದ 40 ಬಾವಿ ಹುಡುಕಿ ಇಪ್ಪತ್ತು ಜೋಡಿ ಮಾಡಿ. ಜೋಡಿಯ ಎರಡು ಬಾವಿ ತೀರ ಹತ್ತಿರ ಬೇಡ, ಒಂದರ ಗುಂಡಿಯ ನೀರು ಇನ್ನೊಂದಕ್ಕೆ ಇಳಿದೀತು. ನಾಣ್ಯ ಚಿಮ್ಮಿ ಜೋಡಿಯಲ್ಲಿ ಒಂದಕ್ಕೆ ಈ ಮಳೆಗಾಲಕ್ಕೆ ಮೊದಲೇ ಗುಂಡಿ, ಇನ್ನೊಂದಕ್ಕೆ ಮುಂದಿನ ವರ್ಷ. ಫೆಬ್ರವರಿಯಿಂದ ಮೇವರೆಗೆ ವಾರಕ್ಕೊಮ್ಮೆ, ಬೆಳಿಗ್ಗೆ ಪಂಪು ಹಾಕುವ ಮೊದಲು, ಕಲ್ಲು ಕಟ್ಟಿದ ಟೇಪು ಇಳಿಸಿ ಅಳೆಯಿರಿ. ಅಳೆಯುವವನಿಗೆ ಗುಂಡಿ ಯಾವ ಮನೆಯದೆಂದು ತಿಳಿಯದಿದ್ದರೆ ಇನ್ನೂ ಒಳ್ಳೆಯದು.

ನಮ್ಮ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. ಪಿಯುಸಿಯಿಂದ ಡಿಗ್ರಿಯವರೆಗೆ ಮಕ್ಕಳು ಅಂಕಿಗಳು ಎಷ್ಟು ಚದುರಿವೆ ಎಂದು ಹೇಳುವ ಪ್ರಮಾಣ ವಿಚಲನೆಯನ್ನು (ಸ್ಟ್ಯಾಂಡರ್ಡ್ ಡೀವಿಯೇಷನ್) ದಶಮಾಂಶ ನಾಲ್ಕು ಸ್ಥಾನಕ್ಕೆ ಲೆಕ್ಕ ಹಾಕುತ್ತಾರೆ, ಆ ಅಂಕಿ ಎಲ್ಲಿಂದ ಬಂತೆಂದು ಕೇಳುವವರಿಲ್ಲ. ಪ್ರಾಜೆಕ್ಟ್ ಎಂದರೆ ಕ್ಲಾಸಿನ ಅರವತ್ತು ಮಂದಿಗೆ ಫಾರ್ಮ್ ಹಂಚಿ ‘ದಕ್ಷಿಣ ಕನ್ನಡದ ಯುವಜನತೆ’ ಎಂದು ಹೆಸರಿಡುವುದು. ಟಿವಿಯಲ್ಲಿ ‘ಹೌದು, ಇಲ್ಲ’ ಒತ್ತಿಸಿ ರಾಜ್ಯವೇ ಮಾತಾಡಿತೆನ್ನುತ್ತಾರೆ. ಪತ್ರಿಕೆಯವರಾದ ನಾವೂ ಕಡಿಮೆಯಲ್ಲ. ಸಮೀಕ್ಷೆ ಎಂಬ ಪದ ಕಂಡರೆ ಶೇಕಡಾವಾರನ್ನು ದಪ್ಪಕ್ಷರದಲ್ಲಿ ಹಾಕುತ್ತೇವೆ, ಹೇಗೆ ಆರಿಸಿದರೆಂಬ ಸಾಲಿಗೆ ಜಾಗವಿಲ್ಲವೆಂದು ಕತ್ತರಿ ಹಾಕುತ್ತೇವೆ.

ನಿಮ್ಮ ಹುಮ್ಮಸ್ಸು ಇಂಗಿಹೋಗದಿರಲಿ. ಫಾರ್ಮ್ ತುಂಬಿದವರಲ್ಲಿ ನಡೆಯಬಲ್ಲ ಹತ್ತು ಮಂದಿಯನ್ನು ಕರೆದುಕೊಂಡು, ನಿಮ್ಮ ವಾರ್ಡಿನ ಪಟ್ಟಿ ಹಿಡಿದು ಮೇ ತಿಂಗಳಲ್ಲಿ ಹೊರಡಿ. ಲೆಕ್ಕ ಕಳುಹಿಸುವಾಗ ಬೀಗದ ಮನೆ ಎಷ್ಟು, ಉತ್ತರ ಕೊಡದ ಮನೆ ಎಷ್ಟು ಎಂದು ಬೇರೆಯಾಗಿ ಬರೆಯಿರಿ. ನಾಲ್ಕು ಪುಟ ನಿಮಗೂ ಇದೆ.