ಐದು ವರ್ಷ ತುಂಬಿದ ಮಾತ್ರಕ್ಕೆ ಮಗ ತಂದೆಯ ಸುಪರ್ದಿಗೆ ಬರುತ್ತಾನೆಯೇ?

ಪ್ರಶ್ನೆ: ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ರೈತ, ಹಿಂದೂ ಸಂಪ್ರದಾಯದಂತೆ ಮದುವೆಯಾದವನು. ಒಂದೂವರೆ ವರ್ಷದಿಂದ ಪತ್ನಿ ಇಬ್ಬರು ಮಕ್ಕಳೊಂದಿಗೆ ಮೈಸೂರಿನ ತವರಿನಲ್ಲಿದ್ದಾಳೆ. ಮಗಳಿಗೆ ಒಂಬತ್ತು ವರ್ಷ. ಮಗನಿಗೆ ಮುಂದಿನ ತಿಂಗಳು ಐದು ತುಂಬುತ್ತದೆ. ಐದು ವರ್ಷದ ತನಕ ಮಗ ತಾಯಿಯ ಬಳಿ, ಆಮೇಲೆ ತಂದೆಯ ಬಳಿ ಎಂದು ಊರ ಹಿರಿಯರು ಛಾಪಾಕಾಗದದಲ್ಲಿ ಬರೆಸಿ ಇಬ್ಬರ ಸಹಿಯನ್ನೂ ಹಾಕಿಸಿದ್ದರು. ಈಗ ಅವಳು ಕಳುಹಿಸುವುದಿಲ್ಲ ಎನ್ನುತ್ತಿದ್ದಾಳೆ. ಶಾಲೆಯಿಂದಲೇ ಮಗನನ್ನು ಕರೆತರಬಹುದೇ? ಮಂಡ್ಯದಲ್ಲಿ ದಾವೆ ಹೂಡಬಹುದೇ?

ಉತ್ತರ: ಮೊದಲಿಗೆ, ಶಾಲೆಯಿಂದ ಕರೆತರುವ ಯೋಚನೆಯನ್ನು ಬಿಡಿ. ನೀವು ತಂದೆಯೇ ಆಗಿದ್ದರೂ, ಒಂದೂವರೆ ವರ್ಷದಿಂದ ಒಂದು ಮನೆಗೆ ಹೊಂದಿಕೊಂಡ ಮಗುವನ್ನು ಹೇಳದೆ ಕೇಳದೆ ಎತ್ತಿಕೊಂಡು ಬಂದವರನ್ನು ನ್ಯಾಯಾಲಯ ಮೆಚ್ಚುವುದಿಲ್ಲ. ನಾಳೆ ನೀವೇ ಹಾಕುವ ಅರ್ಜಿಗೆ ಅದು ಮುಳುವಾಗುತ್ತದೆ.

ಈ ‘ಐದು ವರ್ಷ’ದ ಲೆಕ್ಕ ನಮ್ಮ ಕಡೆಯ ನ್ಯಾಯ ಪಂಚಾಯಿತಿಗಳಲ್ಲಿ ಗೇಣಿ ಕರಾರಿನ ಅವಧಿಯಂತೆ ಬಳಕೆಯಾಗುತ್ತಿರುವುದನ್ನು ನಾನು ಬಹಳ ಕಂಡಿದ್ದೇನೆ. ಅದರ ಮೂಲ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಸುಪರ್ದಿಯಲ್ಲಿರಬೇಕು ಎಂದಷ್ಟೇ ಅದು ಹೇಳುತ್ತದೆಯೇ ಹೊರತು, ಐದು ತುಂಬಿದ ಮರುದಿನ ಮಗುವನ್ನು ತಂದೆಗೆ ಒಪ್ಪಿಸಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಅದೇ ಕಲಂ ತಂದೆಯನ್ನು ಸಹಜ ಪಾಲಕನೆಂದು ಮೊದಲು ಹೆಸರಿಸುತ್ತದೆ, ನಿಜ. ಆದರೆ ಮಗುವಿನ ಪರವಾಗಿ ಕಾನೂನುಬದ್ಧ ತೀರ್ಮಾನ ಕೈಗೊಳ್ಳುವ ಪಾಲಕತ್ವ ಬೇರೆ, ಮಗು ದಿನನಿತ್ಯ ಯಾರ ಜೊತೆ ಇರಬೇಕೆಂಬ ಸುಪರ್ದಿ ಬೇರೆ. ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿರುವಾಗಲೂ ತಾಯಿ ಸಹಜ ಪಾಲಕಿಯಾಗಬಹುದೆಂದು ಆ ಕಲಮನ್ನು ಅರ್ಥೈಸಿತು. ಎಲ್ಲಕ್ಕಿಂತ ಮೇಲಿನದು 13ನೇ ಕಲಂ: ಮಗುವಿನ ಹಿತವೇ ಪರಮ ಮಾನದಂಡ. ಆದ್ದರಿಂದ ನಿಮ್ಮ ಛಾಪಾಕಾಗದ ಅಂದು ಇಬ್ಬರೂ ಏನನ್ನು ಒಪ್ಪಿದ್ದಿರಿ ಎಂಬುದಕ್ಕೆ ಪುರಾವೆಯಾದೀತು, ಆದರೆ ನ್ಯಾಯಾಧೀಶರ ಕೈಯನ್ನು ಕಟ್ಟಿಹಾಕದು.

ಹಿತವೆಂದರೆ ಎಕರೆ, ಪಂಪ್‌ಸೆಟ್, ತಾರಸಿ ಮನೆಯ ಲೆಕ್ಕವಲ್ಲ. ನೀವು ಗದ್ದೆಗೆ ಹೋದಾಗ ಮಗನನ್ನು ಯಾರು ನೋಡಿಕೊಳ್ಳುತ್ತಾರೆ, ಅವನ ಶಾಲೆ ಎಲ್ಲಿ, ಈ ಒಂದೂವರೆ ವರ್ಷದಲ್ಲಿ ನೀವು ಎಷ್ಟು ಸಲ ಹೋಗಿ ಅವನನ್ನು ಕಂಡಿದ್ದೀರಿ ಎಂಬ ಪ್ರಶ್ನೆಗಳು ಬರುತ್ತವೆ. ಒಡಹುಟ್ಟಿದವರನ್ನು ಅಗಲಿಸಲು ನ್ಯಾಯಾಲಯಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ; ನಿಮ್ಮ ಪತ್ರದಲ್ಲಿ ಮಗಳ ವಯಸ್ಸಿನ ಹೊರತು ಅವಳ ಮಾತೇ ಇಲ್ಲದಿರುವುದನ್ನು ನಾನು ಗಮನಿಸಿದೆ, ನ್ಯಾಯಾಧೀಶರೂ ಗಮನಿಸುತ್ತಾರೆ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ಪರಿಗಣಿಸಲು 1890ರ ಪಾಲಕರ ಮತ್ತು ಪಾಲ್ಯರ ಕಾಯ್ದೆ ಅವಕಾಶ ಕೊಟ್ಟಿದೆ, ಹಾಗಾಗಿ ನ್ಯಾಯಾಧೀಶರು ಅವಳನ್ನು ಕೊಠಡಿಗೆ ಕರೆಸಿ ಮಾತನಾಡಿಸಬಹುದು.

ಅದೇ ಕಾಯ್ದೆಯ 9ನೇ ಕಲಮಿನಂತೆ, ಮಗು ವಾಡಿಕೆಯಾಗಿ ವಾಸವಿರುವ ಸ್ಥಳದ ನ್ಯಾಯಾಲಯಕ್ಕೇ ಅಧಿಕಾರ. ಹಾಗಾಗಿ ಸುಪರ್ದಿಯ ಅರ್ಜಿಯನ್ನು ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಹಾಕುವುದು ಕ್ಷೇಮ. ಮಂಡ್ಯದಲ್ಲಿ ಹಾಕಿದರೆ ವ್ಯಾಪ್ತಿಯ ವಾದದಲ್ಲೇ ತಿಂಗಳುಗಳು ಕಳೆಯಬಹುದು. ಮುಂದೆ ವಿಚ್ಛೇದನದ ದಾವೆ ನಡೆದರೆ, ಅದರೊಳಗೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಮಕ್ಕಳ ಸುಪರ್ದಿ, ಪೋಷಣೆ ಮತ್ತು ಶಿಕ್ಷಣದ ಬಗ್ಗೆ ಆದೇಶ ಕೋರಬಹುದು. ಇಂತಹ ಆದೇಶಗಳು ಶಾಶ್ವತವಲ್ಲ, ಪರಿಸ್ಥಿತಿ ಬದಲಾದರೆ ಮಾರ್ಪಡುತ್ತವೆ.

ನನ್ನನ್ನು ಕೇಳಿದರೆ, ಪೂರ್ಣ ಸುಪರ್ದಿಗೆ ಹಟ ಹಿಡಿಯುವುದಕ್ಕಿಂತ ಮೊದಲು ಮಧ್ಯಂತರ ಅರ್ಜಿಯಲ್ಲಿ (ಅಂತಿಮ ತೀರ್ಪಿಗೆ ಮುನ್ನ ತಾತ್ಕಾಲಿಕ ಆದೇಶ ಕೋರುವ ಅರ್ಜಿ) ಭೇಟಿಯ ಹಕ್ಕನ್ನು ಗಟ್ಟಿ ಮಾಡಿಕೊಳ್ಳಿ. ನಿಮಗೂ ಮಕ್ಕಳಿಗೂ ನಡುವೆ ಇರುವುದು ಒಂದು ಬಸ್ಸಿನ ದಾರಿ. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆಯಿಂದ ಭಾನುವಾರದ ತನಕ, ದಸರಾ ರಜೆಯ ಮತ್ತು ಬೇಸಿಗೆ ರಜೆಯ ಅರ್ಧ ಭಾಗ, ವಾರದಲ್ಲಿ ಎರಡು ವಿಡಿಯೊ ಕರೆ ಎಂದು ದಿನ, ಸಮಯ, ಒಪ್ಪಿಸುವ ಜಾಗ ಸಮೇತ ಬರೆದು ಕೇಳಿ. ‘ಮಕ್ಕಳನ್ನು ನೋಡಲು ಬಿಡಬೇಕು’ ಎಂಬ ಮೋಘಂ ಮಾತಿನ ಆದೇಶ ಮೊದಲ ಹಬ್ಬಕ್ಕೇ ಜಗಳಕ್ಕೆ ಬೀಳುತ್ತದೆ. ಈ ಪಟ್ಟಿ ಕೌಟುಂಬಿಕ ನ್ಯಾಯಾಲಯದ ರಾಜಿ ಸಂಧಾನದಲ್ಲೇ ಇತ್ಯರ್ಥವಾಗುವ ಸಾಧ್ಯತೆಯೂ ಇದೆ. ಮಕ್ಕಳ ಖರ್ಚಿಗೆ ನೀವು ಕೊಡಬೇಕಾದ ಹಣವನ್ನು ಮಾತ್ರ, ಭೇಟಿಗೆ ಬಿಡಲಿಲ್ಲವೆಂದು ತಡೆಹಿಡಿಯಬೇಡಿ. ಅದನ್ನು ಪ್ರತಿ ತಿಂಗಳು ಬ್ಯಾಂಕ್ ಮೂಲಕವೇ ಕಳುಹಿಸಿ, ರಸೀದಿಗಳನ್ನು ಜೋಪಾನವಾಗಿಡಿ.