ಗುಡ್ಡದ ಮೇಲೆ ಗಾಳಿಯಂತ್ರ ಇದ್ದರೆ ದುರ್ಗಕ್ಕೆ ಕರೆಂಟ್ ಗ್ಯಾರಂಟಿನಾ?

ಪ್ರಶ್ನೆ: ನಾವು ಚಿತ್ರದುರ್ಗದವರು. ಮಹಡಿ ಹತ್ತಿದರೆ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ಕಾಣುತ್ತವೆ. ದೊಡ್ಡ ಅನಾಹುತವಾಗಿ ದೇಶಕ್ಕೆಲ್ಲ ತಿಂಗಳುಗಟ್ಟಲೆ ಕರೆಂಟ್ ಹೋದರೂ ನಮಗೆ ಚಿಂತೆಯಿಲ್ಲ ಅನ್ನೋದು ನನ್ನ ವಾದ. ನನ್ನ ಮಗ, "ಅಪ್ಪಾ, ವಾರದೊಳಗೆ ಜನ ಅಕ್ಕಿಗೆ ಹೊಡೆದಾಡ್ತಾರೆ" ಅಂತಾನೆ. ಯಾರದ್ದು ಸರಿ?

ಉತ್ತರ: ಬೇಜಾರಾಗಬೇಡಿ, ಇಬ್ಬರದ್ದೂ ತಪ್ಪು.

ಸಾಮಾನ್ಯವಾಗಿ ಈ ಗಾಳಿಯಂತ್ರಗಳು ಗ್ರಿಡ್‌ನಲ್ಲಿ, ಅಂದರೆ ಊರೂರಿಗೆ ಕರೆಂಟ್ ಸಾಗಿಸುವ ತಂತಿಜಾಲದಲ್ಲಿ, ಕರೆಂಟ್ ಇದ್ದಾಗ ಮಾತ್ರ ಅದರ ಜೊತೆ ಸೇರಿ ಕೆಲಸ ಮಾಡುತ್ತವೆ. ಗ್ರಿಡ್ ಬಿದ್ದರೆ ಎಷ್ಟೇ ಗಾಳಿ ಬೀಸಿದರೂ ಅವೂ ನಿಲ್ಲುತ್ತವೆ. ಬ್ಯಾಟರಿ ಇಲ್ಲದ ತಾರಸಿ ಸೋಲಾರ್‌ದೂ ಇದೇ ಕತೆ. ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಭಾರತದಲ್ಲಿ ಕರೆಂಟ್ ಹೋಯಿತು. ಸುಮಾರು 60 ಕೋಟಿ ಜನರ ಪ್ರದೇಶ ಅದು. ಆಗ ದಕ್ಷಿಣದ ಗ್ರಿಡ್ ಬೇರೆ ಇತ್ತು, ಹಾಗಾಗಿ ನಾವು ಬಚಾವಾದೆವು. 2013ರ ಡಿಸೆಂಬರ್ 31ರಂದು ಅದೂ ದೇಶದ ಗ್ರಿಡ್‌ಗೆ ಸೇರಿತು.

ನಿಮ್ಮ ಮಗನಿಗೆ ಅಕ್ಕಿಯ ಭಯ. ನನಗೆ ನೀರಿನ ಭಯ. ದುರ್ಗಕ್ಕೆ ನೀರು ಬರುವುದು ಸೂಳೆಕೆರೆಯಿಂದ, ಮಾರಿಕಣಿವೆಯಿಂದ. ಎರಡೂ ಕಡೆ ಪಂಪ್ ಓಡಬೇಕು. ಬೋರ್‌ವೆಲ್‌ಗಳು ನೂರಾರು ಅಡಿ ಆಳ, ಕೈಯಲ್ಲಿ ಎತ್ತಲು ಆಗಲ್ಲ. ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ಮೇಲೆತ್ತುವುದೂ ಕರೆಂಟೇ. ಮೊಬೈಲ್ ಟವರ್ ಕೆಲವು ಗಂಟೆ ಬ್ಯಾಟರಿಯಲ್ಲಿ ನಡೆದು ಸುಮ್ಮನಾಗುತ್ತದೆ. ಭದ್ರಾ ನಾಲೆಯ ಭತ್ತ ಗೋದಾಮಿನಲ್ಲೇ ಇರುತ್ತದೆ, ಆದರೆ ಅಕ್ಕಿಯಾಗಲು ಮಿಲ್ ತಿರುಗಬೇಕಲ್ಲ! ಕೋಟೆ ಕಟ್ಟಿದವರು ಈ ವಿಷಯದಲ್ಲಿ ನಮಗಿಂತ ಜಾಣರು. ಮೇಲಿನ ಹೊಂಡ ತುಂಬಿದರೆ ಮಳೆನೀರು ತಾನಾಗಿ ಕೆಳಗಿನ ಹೊಂಡಕ್ಕೆ ಇಳಿಯುತ್ತಿತ್ತು. ಮೋಟಾರ್ ಇಲ್ಲ, ಬಿಲ್ಲೂ ಇಲ್ಲ.

ಇನ್ನು ಹೊಡೆದಾಟ. 1995ರಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪವಾಗಿ 6,400ಕ್ಕೂ ಹೆಚ್ಚು ಜನ ಸತ್ತರು. ಅವಶೇಷದಡಿಯಿಂದ ಬದುಕಿ ಬಂದವರಲ್ಲಿ ಹೆಚ್ಚಿನವರನ್ನು ಎಳೆದು ತೆಗೆದದ್ದು ಮನೆಯವರು, ಅಕ್ಕಪಕ್ಕದವರು. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಮುಳುಗಿದಾಗ, ಜನ ಆಶ್ರಯ ಪಡೆದಿದ್ದ ಕ್ರೀಡಾಂಗಣದಲ್ಲಿ ಕೊಲೆಗಳಾಗುತ್ತಿವೆ ಎಂಬ ಸುದ್ದಿ ಹಬ್ಬಿತು. ಆಮೇಲೆ ನೋಡಿದರೆ ಬಹುಪಾಲು ಗಾಳಿಸುದ್ದಿ. ಅಷ್ಟರಲ್ಲಿ ಲೂಟಿಯ ಭಯಕ್ಕೆ, ಜನರನ್ನು ಹುಡುಕಿ ಕಾಪಾಡುತ್ತಿದ್ದ ಪೊಲೀಸರನ್ನೇ ಲೂಟಿ ತಡೆಯಲು ಕಳಿಸಿಯಾಗಿತ್ತು.

ಹಾಗಂತ ಎಲ್ಲ ಸರಿಹೋಗುತ್ತದೆ ಅನ್ನುತ್ತಿಲ್ಲ. ನಮ್ಮ ಅಜ್ಜಂದಿರ ಕಾಲದವರು ಹೇಳುತ್ತಿದ್ದ ಧಾತು ಈಶ್ವರ ಬರವನ್ನೇ ನೋಡಿ, 1876ರಿಂದ 78ರವರೆಗಿನದ್ದು. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಗೆ ಸುಮಾರು 50 ಲಕ್ಷ ಜನ ಇದ್ದರು. 1881ಕ್ಕೆ ಸುಮಾರು 42 ಲಕ್ಷ. ಹಸಿವು ಮೊದಲು, ಹಿಂದೆಯೇ ಕಾಲರಾ, ಜ್ವರ. ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ರಾಗಿ ತುಂಬಿಡುವ ರೂಢಿ ಆಗಲೂ ಇತ್ತು. ಆದರೆ ಕೂಲಿ ಮಾಡುವವನಿಗೆ ಹಗೇವು ಎಲ್ಲಿಂದ ಬರಬೇಕು? ಈಗಲೂ ನನಗೆ ಭಯ ಇರುವುದು ಇಲ್ಲೇ. ಟ್ಯಾಂಕರ್ ಯಾವ ಕೇರಿಗೆ ಮೊದಲು ಬರುತ್ತದೆ, ಯಾವ ಕೇರಿ ತಲುಪುವ ಹೊತ್ತಿಗೆ ಖಾಲಿಯಾಗಿರುತ್ತದೆ? ಪ್ರತಿ ಬೇಸಿಗೆಯಲ್ಲಿ ನೋಡ್ತಾನೇ ಇದ್ದೀವಿ, ಅಲ್ವಾ? ಒಂದು ತಿಂಗಳು ಕರೆಂಟ್ ಇಲ್ಲದಿದ್ದರೆ ಆ ಜಗಳವೇ ಜೋರಾಗುತ್ತದೆ. ಸರದಿ ಹೇಗೆ ಅಂತ ಬೀದಿಯವರು ಮೊದಲೇ ಕೂತು ಮಾತಾಡಿಕೊಂಡ ಕಡೆ ಕಡಿಮೆ ಇರುತ್ತದೆ.

ಪ್ರಶ್ನೆ: ದಾವಣಗೆರೆಯಲ್ಲಿ ಸಣ್ಣ ಬಾಡಿಗೆ ಮನೆ ನಮ್ಮದು. ಇಂಥ ದಿನಕ್ಕೆ ಏನು ಕೂಡಿಡಲಿ?

ಉತ್ತರ: ಮುಚ್ಚಳ ಇರುವ ಕ್ಯಾನ್‌ಗಳಲ್ಲಿ ನೀರು. ಸೆಲ್ ಹಾಕುವ ರೇಡಿಯೊ. ಹತ್ತು, ಇಪ್ಪತ್ತರ ನೋಟುಗಳು, ಯಾಕೆಂದರೆ ಫೋನ್‌ಪೇ ನಡೆಯಲ್ಲ. ಊಟಕ್ಕೆ ನಿಮ್ಮೂರಿನವರಿಗೆ ನಾನೇನು ಹೇಳಲಿ, ಗಾಳಿಯಾಡದ ಡಬ್ಬಿಯಲ್ಲಿ ಮಂಡಕ್ಕಿ ಇಡಿ, ಒಲೆಯೇ ಬೇಡ.

ಗ್ಯಾಸ್ ಮುಗಿದು ನೀರು ಕುದಿಸಲು ಆಗದಿದ್ದರೆ, ತಿಳಿ ನೀರನ್ನು ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಆರು ಗಂಟೆ ಚುರುಕು ಬಿಸಿಲಲ್ಲಿ ಮಲಗಿಸಿಡಿ. ಭೇದಿ ಶುರುವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು.

ವಠಾರದಲ್ಲಿ ಯಾರಾದರೂ ಇನ್ಸುಲಿನ್ ತಗೊಳ್ತಾರಾ, ಈಗಲೇ ಕೇಳಿಟ್ಟುಕೊಳ್ಳಿ. ಫ್ರಿಜ್ ನಿಂತ ದಿನ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ ಒದ್ದೆ ಮಾಡಿ. ಇನ್ಸುಲಿನ್ನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿನ ಮಡಕೆಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಡಿ.