ದಣಿದ ಮುಖಗಳನ್ನೇ ಹುಡುಕುವ ಕ್ಯಾಮೆರಾ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಈ ಕಥೆಯ ಹುಡುಗನ ಒಪ್ಪಿಗೆ ಇದೆ.)

ದುಬೈನಲ್ಲಿ ಆಪ್ತಸಲಹೆಗೆಂದು ನನ್ನ ಹತ್ತಿರ ಬರುವವರಲ್ಲಿ ನಮ್ಮವರ ಜೊತೆಗೆ ಫಿಲಿಪೀನ್ಸಿನವರೂ ಇದ್ದಾರೆ. ಈ ಹುಡುಗನಿಗೆ ಇಪ್ಪತ್ತಾರು ವರ್ಷ. ಊರು ಇಲೊಯಿಲೊ ಕಡೆ. ಇಲ್ಲಿ ಒಂದು ಕಾಫಿ ಅಂಗಡಿಯಲ್ಲಿ ಕೆಲಸ. ರಜೆ ಸಿಕ್ಕರೆ ಕ್ಯಾಮೆರಾ ಹಿಡಿದು ಸತ್ವಾ, ದೇರಾ ಬೀದಿಗಳನ್ನು ಸುತ್ತುತ್ತಾನೆ. ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಬಂದಿದ್ದ. ಮದುವೆಯಾಗಬೇಕೆಂದಿರುವ ಹುಡುಗಿ ಮಾತು ಕಡಿಮೆ ಮಾಡಿದ್ದಾಳೆ ಎಂಬ ಚಿಂತೆಯೂ ಇತ್ತು.

ನಿದ್ದೆ ಯಾವಾಗಿನಿಂದ ಕೆಟ್ಟಿತು ಎಂದು ಕೇಳಿದೆ. "ಅಮ್ಮ ಆ ಮಾತು ಹೇಳಿದ ದಿನದಿಂದ, ಮ್ಯಾಮ್" ಎಂದ. ಅಮ್ಮ ಹಾಂಗ್‌ಕಾಂಗ್‌ನಲ್ಲಿ ಮನೆಕೆಲಸ ಮಾಡುತ್ತಾರೆ. ಇವನಿಗೆ ಆರು ವರ್ಷವಾಗಿದ್ದಾಗ ಹೋದವರು. ಎರಡೆರಡು ವರ್ಷದ ಕಾಂಟ್ರಾಕ್ಟ್ ಮುಗಿಯುವುದು, ಮತ್ತೆ ಸಹಿ ಹಾಕುವುದು, ಹೀಗೇ ನಡೆದಿತ್ತು. ಈ ಸಲ ಮುಗಿದರೆ ಊರಿಗೆ ಬಂದುಬಿಡುತ್ತೇನೆ, ಇನ್ನು ಸಾಕು ಅಂದರಂತೆ. "ನನಗೆ ಖುಷಿ ಆಗಬೇಕಿತ್ತು, ಅಲ್ವಾ? ಭಯ ಆಯಿತು."

ಅವನ ದೇಶದ ಕಥೆ ಸ್ವಲ್ಪ ಗೊತ್ತಿದ್ದರೆ ಈ ಭಯ ಅರ್ಥವಾಗುತ್ತದೆ. 1974ರಲ್ಲಿ ಆಗಿನ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಆಡಳಿತ ಹೊಸ ಕಾರ್ಮಿಕ ಕಾನೂನು ತಂದಿತು. ಅಲ್ಲಿಂದ ಮುಂದೆ ಹೊರದೇಶದ ದುಡಿಮೆಗೆ ಜನರನ್ನು ಕಳಿಸುವುದು ಸರ್ಕಾರದ್ದೇ ಕೆಲಸವಾಯಿತು. 1988ರಲ್ಲಿ ಅಧ್ಯಕ್ಷೆ ಕೊರಾಜೋನ್ ಅಕಿನೊ ಹಾಂಗ್‌ಕಾಂಗ್‌ಗೆ ಹೋಗಿ, ಮನೆಕೆಲಸದ ಹೆಂಗಸರನ್ನು ನಾಡಿನ ಹೊಸ ವೀರರು ಎಂದು ಕರೆದರು. 2023ರಲ್ಲಿ ಹೊರಗಿದ್ದವರು ಬ್ಯಾಂಕ್ ಮೂಲಕ ಊರಿಗೆ ಕಳಿಸಿದ ಹಣ 3,300 ಕೋಟಿ ಡಾಲರ್ ದಾಟಿತ್ತು. ಹೊಗಳಿಕೆ ಸುಳ್ಳಲ್ಲ. ಆದರೆ ಅಮ್ಮ ವೀರಳು ಎಂದು ಊರೆಲ್ಲ ಹೇಳುವಾಗ, ಮಗ "ನನಗೆ ಅಮ್ಮ ಬೇಕು" ಎಂದು ಅಳುವುದು ಹೇಗೆ? ಅತ್ತರೆ ಕೃತಜ್ಞತೆ ಇಲ್ಲದವನಾಗುತ್ತಾನೆ. ಅಪ್ಪ ಗಲ್ಫಿನಲ್ಲಿದ್ದು, ಮಕ್ಕಳು ಊರಲ್ಲೇ ಬೆಳೆದ ಮನೆಗಳು ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಕಡೆಯೂ ಬೇಕಾದಷ್ಟಿವೆ. ಅಂಥ ಮನೆಯವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಮುಂದಿನ ಸಲ ಫೋಟೋಗಳನ್ನು ತರಲು ಹೇಳಿದೆ. ಗಾಜು ಒರೆಸುವವನ ಹಗ್ಗ ಹಿಡಿದ ಕೈ. ಬೈಕಿನ ನೆರಳಲ್ಲಿ ಕೂತು ನೀರು ಕುಡಿಯುವ ಡೆಲಿವರಿ ಹುಡುಗ. ಬಸ್ಸಿಗೆ ಕಾಯುತ್ತ ಶೂ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿರುವ ಕ್ಲೀನರ್. ಇಲ್ಲಿ ಒಪ್ಪಿಗೆ ಇಲ್ಲದೆ ಯಾರ ಫೋಟೋವನ್ನೂ ತೆಗೆಯುವಂತಿಲ್ಲ. ಹಾಗಾಗಿ ಪ್ರತಿಯೊಬ್ಬರ ಜೊತೆ ಮಾತಾಡಿಯೇ ತೆಗೆದಿದ್ದಾನೆ. "ಇವರೇ ನನ್ನ ಹೀರೋಗಳು" ಎಂದ. ಜೈಸಾ ಕ್ರೂಜ್ ಬಕಾನಿ ಎಂದರೆ ಅವನಿಗೆ ಪ್ರಾಣ. ಹಾಂಗ್‌ಕಾಂಗ್‌ನಲ್ಲಿ ಮನೆಕೆಲಸ ಮಾಡುತ್ತಲೇ, ಮಾಲಕಿಯ ಹತ್ತಿರ ಸಾಲ ಪಡೆದು ಕ್ಯಾಮೆರಾ ಕೊಂಡು, ಜಗತ್ತು ಗುರುತಿಸುವ ಫೋಟೋಗ್ರಾಫರ್ ಆದವರು ಆಕೆ.

ಫೋಟೋಗಳು ನಿಜವಾಗಿ ಚೆನ್ನಾಗಿದ್ದವು. ಆಮೇಲೆ ಹುಡುಗಿಯ ಫೋಟೋಗಳನ್ನು ತೋರಿಸಿದ. ಅವಳು ನರ್ಸ್. ಎಲ್ಲವೂ ರಾತ್ರಿ ಪಾಳಿ ಮುಗಿಸಿ ಬಂದಾಗ ತೆಗೆದವು. ಮೂಗಿನ ಮೇಲೆ ಮಾಸ್ಕಿನ ಗೆರೆ, ಕಣ್ಣ ಕೆಳಗೆ ಕಪ್ಪು, ಅರ್ಧ ಬಿಚ್ಚಿದ ಕೂದಲು. ಅವಳು ಒಮ್ಮೆ ಹೇಳಿದ್ದಳಂತೆ: "ನಾನು ನಗುವಾಗ ನಿನ್ನ ಕ್ಯಾಮೆರಾ ಬ್ಯಾಗಿನಿಂದ ಹೊರಗೇ ಬರಲ್ಲ."

ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳಿದೆ. "ಯಾರಾದರೂ ದಣಿದಾಗ ಮಾತ್ರ ಅವರ ಮೇಲೆ ನಿಮಗೆ ಪ್ರೀತಿ ಉಕ್ಕುತ್ತದೆ. ಚಿಕ್ಕಂದಿನಿಂದ ನಿಮ್ಮ ಮನೆಗೆ ಪ್ರೀತಿ ಬಂದದ್ದೇ ಹಾಗೆ. ಅಮ್ಮ ದಣಿದರು, ಪೆಟ್ಟಿಗೆ ಬಂತು." ಹಡಗಿನಲ್ಲಿ ಬರುವ ಆ ದೊಡ್ಡ ರಟ್ಟಿನ ಪೆಟ್ಟಿಗೆಯ ಬಗ್ಗೆ ಅವನೇ ಹೇಳಿದ್ದ. ಡಬ್ಬಿ ಮಾಂಸ, ಶೂ, ಸೋಪು, ಚಾಕೊಲೇಟು ಎಲ್ಲ ಒಟ್ಟಿಗೆ ತುಂಬಿ ಬರುತ್ತಿತ್ತು. ಚಾಕೊಲೇಟಿಗೂ ಸೋಪಿನ ವಾಸನೆ. ಹಾಗೇ ತಿನ್ನುತ್ತಿದ್ದನಂತೆ.

ಹುಡುಗಿಯ ವಿಷಯದಲ್ಲೂ ಅದೇ. ಉಂಗುರಕ್ಕೆಂದು ಓವರ್‌ಟೈಮ್ ಮಾಡುತ್ತಿದ್ದ. ಇದ್ದ ಒಂದು ರಜೆಯನ್ನೂ ಬಿಟ್ಟುಕೊಟ್ಟಿದ್ದ. ಅವಳು ಉಂಗುರ ಕೇಳಿರಲೇ ಇಲ್ಲ. ಇನ್ನು ಅಮ್ಮ ಬರುವ ಸುದ್ದಿ ತಿಳಿದ ಮೇಲೆ ಇವನು ಮಾಡಿದ ಮೊದಲ ಕೆಲಸವೆಂದರೆ, ಮನೆ ಮುಂದೆ ಅವರಿಗೊಂದು ಸಣ್ಣ ಕಿರಾಣಿ ಅಂಗಡಿ ಹಾಕಿಕೊಡುವ ಲೆಕ್ಕಾಚಾರ. ದುಡಿಯದೆ ಸುಮ್ನೆ ಕೂತ ಅಮ್ಮನನ್ನು ಊಹಿಸಲೂ ಅವನಿಗೆ ಆಗುತ್ತಿರಲಿಲ್ಲ. ಭಯದ ಬೇರು ಇಲ್ಲೇ ಇತ್ತು.

ಅಮ್ಮ ಭಾನುವಾರ ಏನು ಮಾಡುತ್ತಾರೆ ಎಂದು ಕೇಳಿ ಬನ್ನಿ ಎಂದೆ. ಹಾಂಗ್‌ಕಾಂಗ್‌ನಲ್ಲಿ ಮನೆಕೆಲಸದವರು ಮಾಲೀಕರ ಮನೆಯಲ್ಲೇ ಇರಬೇಕೆಂಬ ನಿಯಮವಿದೆ. ವಾರಕ್ಕೊಂದು ರಜೆ ಇದೆ, ಆದರೆ ಆ ದಿನ ಕಾಲು ಚಾಚಲು ತಮ್ಮದೆನ್ನುವ ಜಾಗವಿಲ್ಲ. ಹಾಗಾಗಿ ಭಾನುವಾರ ಸೆಂಟ್ರಲ್ ಪ್ರದೇಶದಲ್ಲಿ, ಎಚ್‌ಎಸ್‌ಬಿಸಿ ಬ್ಯಾಂಕಿನ ಕಟ್ಟಡದ ಅಡಿಯಲ್ಲಿ, ಸುತ್ತಲಿನ ಮೇಲ್ಸೇತುವೆಗಳಲ್ಲಿ ರಟ್ಟು ಹಾಸಿ ಕೂರುತ್ತಾರೆ. ಊಟ, ಹರಟೆ, ಇಸ್ಪೀಟು, ಹಾಡು, ಕುಣಿತ ಎಲ್ಲ ಅಲ್ಲೇ.

ಅಮ್ಮ ಉತ್ತರವಾಗಿ ಒಂದು ಹಳೆಯ ಫೋಟೋ ಕಳಿಸಿದರು. ಒಂದೇ ಬಣ್ಣದ ಟೀಶರ್ಟ್ ಹಾಕಿದ ಹೆಂಗಸರ ಕುಣಿತದ ಗುಂಪು. ನಡುವೆ ಅಮ್ಮ, ತಲೆ ಹಿಂದಕ್ಕೆ ಚೆಲ್ಲಿ ಬಾಯ್ತುಂಬ ನಗುತ್ತಿದ್ದಾರೆ. ಅದನ್ನು ತೋರಿಸುವಾಗ ಅವನ ಕೈ ನಡುಗುತ್ತಿತ್ತು. "ನಾವಿಲ್ಲದೆ ಇಷ್ಟೊಂದು ನಗುತ್ತಿದ್ದಳಾ?" ಎಂದು ಕೇಳಿ ಅತ್ತುಬಿಟ್ಟ.

ಇಂಥ ಹೊತ್ತಲ್ಲಿ "ಹಾಗನ್ನಬಾರದು, ಅಮ್ಮ ಪಟ್ಟ ಕಷ್ಟ ನೋಡು" ಎಂದು ಸಮಾಧಾನ ಮಾಡುವವರೇ ಜಾಸ್ತಿ. ಅವನಿಗೆ ಜೀವನಪೂರ್ತಿ ಸಿಕ್ಕಿದ್ದೂ ಅದೇ ಮಾತು. ನಾನು ಅವನನ್ನು ಅಳಲು ಬಿಟ್ಟೆ. ಆಮೇಲೆ ಹೇಳಿದೆ: "ಇದು ಆರು ವರ್ಷದ ಹುಡುಗನ ಸಿಟ್ಟು. ಅದಕ್ಕೆ ಕಾರಣವಿದೆ, ನಾಚಿಕೆ ಬೇಡ. ಅಮ್ಮನ ನಗುವಿನಿಂದ ನಿಮ್ಮ ಪಾಲಿನ ಪ್ರೀತಿ ಕಡಿಮೆಯಾಗಲಿಲ್ಲ. ಆ ಒಂದು ದಿನದ ನಗು ಇದ್ದದ್ದರಿಂದಲೇ ಉಳಿದ ಆರು ದಿನ ಅವರು ನಿಂತದ್ದು."

ಮುಂದಿನ ವಾರಗಳಲ್ಲಿ ಕೊಟ್ಟ ಸಲಹೆಗಳು ಇವು. ಅಮ್ಮನ ಹತ್ತಿರ ಎಲ್ಲವನ್ನೂ ಒಂದೇ ಸಲ ಸುರಿಯಬೇಡಿ. ಒಂದು ನೆನಪು ಹೇಳಿ. ಅವನು ಶಾಲೆಯ ಸಮಾರಂಭದ ದಿನವನ್ನು ಆರಿಸಿಕೊಂಡ. ಅಲ್ಲಿ ಮೆಡಲ್ ಪಡೆದ ಮಗುವಿನ ಜೊತೆ ಅಪ್ಪ ಅಮ್ಮ ವೇದಿಕೆ ಹತ್ತಿ, ತಾವೇ ಅದನ್ನು ತೊಡಿಸುತ್ತಾರೆ. ಇವನಿಗೆ ತೊಡಿಸಿದ್ದು ಅಜ್ಜಿ. "ಆ ದಿನ ನೀನು ಬೇಕಿತ್ತು" ಎಂದಷ್ಟೇ ಹೇಳಿ, "ಯಾಕೆ ಬರಲಿಲ್ಲ" ಎಂದು ಕೇಳಬೇಡಿ ಎಂದೆ. ಅಂಗಡಿಯ ಲೆಕ್ಕ ಸದ್ಯಕ್ಕೆ ಮಡಚಿಡಿ, ಅವರಿಗೇನು ಬೇಕೋ ಅವರೇ ಹೇಳಲಿ.

ನಿದ್ದೆಗೆ ಒಂದು ಸರಳ ಕಾರಣವೂ ಇತ್ತು. ಅಮ್ಮ ಬೆಳಿಗ್ಗೆ ಐದಕ್ಕೆ, ಮಾಲೀಕರು ಏಳುವ ಮೊದಲು ಫೋನ್ ಮಾಡುತ್ತಿದ್ದರು. ಇಲ್ಲಿ ಆಗ ರಾತ್ರಿ ಒಂದು ಗಂಟೆ. ಅದನ್ನು ಭಾನುವಾರಕ್ಕೆ ಬದಲಿಸಿಕೊಂಡರು. ಆಗಲೂ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕು ಎಂದಿದ್ದೆ. ಅಷ್ಟರ ಅಗತ್ಯ ಬರಲಿಲ್ಲ.

ಕ್ಯಾಮೆರಾ ಬಿಡಲು ನಾನು ಹೇಳಲಿಲ್ಲ. ರಜೆಯನ್ನು ವಾಪಸ್ ತಗೊಳ್ಳಿ, ಅವಳು ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನ, ಏನೂ ಮಾಡದೆ ಕೂತಿರುವಾಗ ಫೋಟೋ ತೆಗೆಯಿರಿ ಎಂದೆ. ಮೊದಲೆರಡು ಸಲ ಒಂದೂ ಚೆನ್ನಾಗಿ ಬರಲಿಲ್ಲ ಎಂದು ಪೇಚಾಡಿದ. ತೆಗೆಯುತ್ತಿರಿ ಎಂದೆ.

ಸಿಟ್ಟಿನ ವಿಷಯವನ್ನು ಅಮ್ಮನಿಗೆ ಅವನಿನ್ನೂ ಹೇಳಿಲ್ಲ. ಅಮ್ಮ ಬಂದ ಮೇಲೆ ಎದುರು ಕೂತೇ ಹೇಳುತ್ತಾನಂತೆ. ಅವಸರ ಮಾಡಬೇಡಿ ಎಂದಿದ್ದೇನೆ. ಮುಂದಿನ ಭೇಟಿಗೆ ಹುಡುಗಿಯೂ ಬರುತ್ತಾಳೆ.